ಘಾಟಿಯಲ್ಲಿ ಬ್ರೇಕ್ ಮೆತ್ತಗಾದಾಗ: ಮನೆಯಲ್ಲೇ ಬ್ರೇಕ್ ಏರ್ ತೆಗೆದ ಕಥೆ

ಸ್ಪೋರ್ಟ್ಸ್ ಕಾರು ಅಂದ್ರೆ ಎಲ್ಲರೂ ಸ್ಪೀಡ್ ಬಗ್ಗೆ ಕೇಳ್ತಾರೆ. ಇವತ್ತು ನಾನು ನಿಲ್ಲಿಸೋದರ ಬಗ್ಗೆ ಮಾತಾಡ್ತೀನಿ.

ನನ್ನ ಹತ್ರ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಎರಡು ಸೀಟಿನ ಹಳೇ ಕಾರಿದೆ. ಕಳೆದ ವರ್ಷ ತಂಗಿಯನ್ನ ಕೂರಿಸ್ಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳೀತಿದ್ದೆ. ಗೇರ್ ಇಳಿಸದೆ, ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಬಂದೆ. ಅರ್ಧ ದಾರಿಯಲ್ಲಿ ಪೆಡಲ್ ಹತ್ತಿ ಒತ್ತಿದ ಹಾಗೆ ಒಳಗೆ ಹೋಯ್ತು. ಪಂಪ್ ಮಾಡ್ದೆ, ಸೆಕೆಂಡ್ ಗೇರಿಗೆ ಇಳಿಸ್ದೆ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದೆ. ತಡೆಗೋಡೆ ಪಕ್ಕ ಹೇಗೋ ನಿಂತ್ವಿ. ತಂಗಿ ಒಂದು ಮಾತೂ ಆಡಲಿಲ್ಲ.

ಮುಕ್ಕಾಲು ಗಂಟೆ ಬಿಟ್ಟು ಒತ್ತಿದ್ರೆ ಪೆಡಲ್ ಮತ್ತೆ ಗಟ್ಟಿ! ಮೋಸ ಇರೋದೇ ಅಲ್ಲಿ.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವಾಂಶವನ್ನ ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದ್ರೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಬ್ರೇಕ್ ಕಾದಾಗ ಒಳಗಿನ ನೀರು ಆವಿಯಾಗುತ್ತೆ. ದ್ರವ ಕುಗ್ಗಲ್ಲ, ಆವಿ ಕುಗ್ಗುತ್ತೆ. ನಿಮ್ಮ ಕಾಲಿನ ಬಲ ಗುಳ್ಳೆ ಒತ್ತೋದಕ್ಕೇ ಖರ್ಚಾಗುತ್ತೆ, ಚಕ್ರದವರೆಗೆ ಮುಟ್ಟಲ್ಲ. ತಣ್ಣಗಾದ್ರೆ ಆವಿ ಮಾಯ. ಇನ್ನೊಂದು ವಿಷಯ: ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲದಿದ್ರೆ, ಅದು ಹೆಚ್ಚಾಗಿ ಪ್ಯಾಡ್ ಕಾದಿರೋದು.

ಮನೆಗೆ ಬಂದು ಆಯಿಲ್ ನೋಡಿದ್ರೆ ಕಾಫಿ ಡಿಕಾಕ್ಷನ್ ಬಣ್ಣ. ಬದಲಿಸೋಣ ಅಂತ ಕೂತೆ. ಪೆಡಲ್ ಒತ್ತೋಕೆ ತಂಗಿಯನ್ನೇ ಕರೆದೆ.

ಸಮತಟ್ಟಾದ ನೆಲ, ಚಕ್ರಕ್ಕೆ ಅಡ್ಡಗಲ್ಲು, ಜಾಕ್ ಜೊತೆಗೆ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಡಬ್ಬಿಯ ಹಳೇ ಆಯಿಲ್ ಹೀರಿ ತೆಗೆದು ಹೊಸದು ತುಂಬಿಸಿದೆ. ನನ್ನ ಕಾರಿನ ಮ್ಯಾನ್ಯುಯಲ್ ಪ್ರಕಾರ ದೂರದ ಚಕ್ರ ಮೊದಲು, ಅಂದ್ರೆ ಹಿಂದಿನ ಎಡಗಡೆಯದು. ನಿಮ್ಮ ಕಾರಿನ ಕ್ರಮ ಬೇರೆ ಇರಬಹುದು, ನೋಡ್ಕೊಳ್ಳಿ. ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿ ಬಾಟಲಿಯೊಳಗಿನ ಆಯಿಲ್‌ನಲ್ಲಿ ಮುಳುಗಿರಬೇಕು.

"ಒತ್ತು." "ಒತ್ತಿದೀನಿ ಅಣ್ಣ." ನಿಪ್ಪಲ್ ಕಾಲು ಸುತ್ತು ಸಡಿಲಿಸ್ದೆ. ಕಪ್ಪು ಆಯಿಲ್, ಗುಳ್ಳೆ ಬಂತು. ಬಿಗಿ ಮಾಡ್ದೆ. "ಈಗ ಬಿಡು." ಇಷ್ಟೇ ಆಟ. ಒಂದ್ಸಲ ನಾನು ಬಿಗಿ ಮಾಡೋ ಮುಂಚೆಯೇ ಅವಳು ಕಾಲು ತೆಗೆದ್ಳು. ಗಾಳಿ ವಾಪಸ್ ಒಳಗೆ! ಆ ಚಕ್ರ ಮತ್ತೆ ಮೊದಲಿಂದ.

ಮೂರು ಎಚ್ಚರಿಕೆ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗೋಕೆ ಬಿಡಬೇಡಿ. ಎಬಿಎಸ್ ಘಟಕಕ್ಕೆ ಗಾಳಿ ಹೋದ್ರೆ ಸ್ಕ್ಯಾನರ್ ಇರೋ ವರ್ಕ್‌ಶಾಪಿಗೇ ಹೋಗಬೇಕಾಗಬಹುದು. ಹಳೇ ಕಾರಾದ್ರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ನೆಲದವರೆಗೆ ಒತ್ತಿದ್ರೆ ಮಾಸ್ಟರ್ ಸಿಲಿಂಡರ್ ಸೀಲ್ ಹಾಳಾಗೋ ಸಾಧ್ಯತೆ ಇದೆ. ಪೇಂಟ್ ಮೇಲೆ ಆಯಿಲ್ ಬಿದ್ರೆ ತಕ್ಷಣ ನೀರು ಹಾಕಿ ತೊಳೀರಿ.

ನಾಲ್ಕೂ ಚಕ್ರ ಆದ ಮೇಲೆ ಪೆಡಲ್ ಕಲ್ಲಿನಂತೆ ನಿಲ್ತು. ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ನಾಲ್ಕೈದು ಸಲ ನಿಲ್ಲಿಸಿ ನೋಡಿದೆ. ನಿಮಗೆ ಸ್ವಲ್ಪ ಮೆತ್ತಗೆ ಅನ್ನಿಸಿದ್ರೂ ಕಾರು ಹೊರಗೆ ತೆಗೀಬೇಡಿ, ಮೆಕ್ಯಾನಿಕ್‌ನ ಮನೆಗೇ ಕರೆಸಿ. ಅದರಲ್ಲಿ ನಾಚಿಕೆ ಏನಿಲ್ಲ.

ಕಾರು ತಗೊಳ್ಳುವಾಗ ನಾನು ಇಂಜಿನ್ ಸದ್ದು ಕೇಳಿದೆ, ಟೈರ್ ನೋಡಿದೆ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಲೇ ಇಲ್ಲ. ಬಹಳಷ್ಟು ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಈಗ ಘಾಟಿ ಕಡೆ ಹೊರಟ್ರೆ, ಡೋರ್ ತೆಗೆಯೋ ಮುಂಚೆ ತಂಗಿ ಕೇಳ್ತಾಳೆ: "ಅಣ್ಣ, ಆಯಿಲ್ ಹಾಕಿ ಎಷ್ಟು ದಿನ ಆಯ್ತು?" ನಿಮ್ಮ ಕಾರಿಗೂ ಇವತ್ತೇ ಈ ಪ್ರಶ್ನೆ ಕೇಳಿ. ಮುಂದಿನ ವಾರ ಸಿಗೋಣ, ಹುಷಾರಾಗಿ ಓಡಿಸಿ.