ಗಾಳಿಯಲ್ಲೇ ಹುಟ್ಟುವ ಕಣಗಳು



  

ಎಂ.ಎಸ್ಸಿ.ಯಲ್ಲಿ ನಮ್ಮ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಓಝೋನೊಲಿಸಿಸ್ ಬರೆದರು. ಜೋಡಿ ಬಂಧಕ್ಕೆ ಓಝೋನ್ ಸೇರುತ್ತದೆ, ಉಂಗುರವಾಗುತ್ತದೆ, ಉಂಗುರ ಒಡೆದು ಒಂದು ಕಾರ್ಬೊನಿಲ್, ಒಂದು ಕ್ರೀಗೀ ಮಧ್ಯವರ್ತಿ. ಪರೀಕ್ಷೆಗೆ ಬರುತ್ತದೆಂದು ನಾವು ತಲೆ ಬಗ್ಗಿಸಿ ಬರೆದುಕೊಂಡೆವು. ಅವರು ಸೀಮೆಸುಣ್ಣ ಕೆಳಗಿಟ್ಟು, "ಇದು ಫ್ಲಾಸ್ಕಿನಲ್ಲಿ ಮಾತ್ರ ನಡೆಯೋದು ಅಂದ್ಕೊಂಡಿದ್ದೀರಾ? ಆಗುಂಬೆ ಕಾಡಿನ ಮೇಲೆ ಈಗಲೂ ನಡೀತಾ ಇದೆ" ಎಂದರು. ಮರಗಳು ಬಿಡುವ ಟರ್ಪೀನ್‌ಗಳಿಂದಲೇ ಬೆಟ್ಟಗಳ ಮೇಲಿನ ನೀಲಿ ಮಬ್ಬು ಎಂದು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲಿ ಬರೆದ ಲೇಖನವನ್ನು ನನ್ನ ಕೈಗಿತ್ತವರೂ ಅವರೇ. ನನ್ನ ವೃತ್ತಿ ಶುರುವಾದದ್ದು ಆ ಲೇಖನದಿಂದ.

ವೆಂಟ್ ಅವರ ಸಹೋದ್ಯೋಗಿ ಹಾಗೆನ್-ಸ್ಮಿಟ್ ಅವರ ಬಗ್ಗೆ ಮೇಷ್ಟ್ರು ಗಂಟೆಗಟ್ಟಲೆ ಹೇಳುತ್ತಿದ್ದರು. ಕ್ಯಾಲ್ಟೆಕ್‌ನಲ್ಲಿ ಅವರು ಅನಾನಸಿನ ಪರಿಮಳದ ಅಣುಗಳನ್ನು ತಣಿಸಿ ಹಿಡಿದು ಅಧ್ಯಯನ ಮಾಡುತ್ತಿದ್ದವರು. ಆಗ ಲಾಸ್ ಏಂಜಲೀಸಿನ ಜನ ಮಬ್ಬುಗಾಳಿಯ ಕಣ್ಣುರಿಯಿಂದ ನರಳುತ್ತಿದ್ದರು. ಅನುಮಾನವೆಲ್ಲ ಗಂಧಕದ ಡೈಆಕ್ಸೈಡ್ ಮೇಲೆ. ಹಾಗೆನ್-ಸ್ಮಿಟ್ ಅದೇ ಉಪಾಯದಿಂದ ಊರಿನ ಗಾಳಿಯನ್ನು ತಣಿಸಿದರು. ಸಿಕ್ಕಿದ್ದು ಕೆಲವು ತೊಟ್ಟು ಕಂದು ದ್ರವ: ಪೆರಾಕ್ಸೈಡುಗಳು, ಆಲ್ಡಿಹೈಡುಗಳು, ಆಮ್ಲಗಳು. ವಾಹನ ಮತ್ತು ತೈಲಾಗಾರಗಳ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡು, ಬಿಸಿಲು ಈ ಮೂರೂ ಕೂಡಿದರೆ ಓಝೋನೂ ಮಬ್ಬೂ ಗಾಳಿಯಲ್ಲೇ ಹುಟ್ಟುತ್ತವೆ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿದರು. ಉದ್ಯಮದ ಕಡೆಯಿಂದ ವಿರೋಧ ಬಂತು. ಅವರು ಹಿಂದೆ ಸರಿಯಲಿಲ್ಲ. ಮುಂದೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಗೆ ಮೊದಲ ಅಧ್ಯಕ್ಷರಾದವರೂ ಅವರೇ.

ಇಷ್ಟು ಹೊತ್ತು ಹಾಗೆನ್-ಸ್ಮಿಟ್ ಅವರ ಕಥೆ ಹೇಳಿದ್ದಕ್ಕೆ ಕಾರಣವಿದೆ. ನಾವು ಇನ್ನೂ ಹೊಗೆ ಕೊಳವೆಯಿಂದ ಹೊರಬಂದದ್ದನ್ನಷ್ಟೇ ಮಾಲಿನ್ಯ ಎನ್ನುತ್ತೇವೆ. ಆದರೆ ಉಸಿರಿಗೆ ಸೇರುವ ಸೂಕ್ಷ್ಮ ಕಣಗಳಲ್ಲಿ ದೊಡ್ಡ ಪಾಲು ಹೊರಬಿದ್ದ ಅನಿಲಗಳು ದಾರಿಯಲ್ಲಿ ಬದಲಾಗಿ ಆದದ್ದು. ಇಂಥ ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಆದರೆ ಈ ಸಂಖ್ಯೆ ತೂಕ ಮಾತ್ರ. ಅದು ಮಣ್ಣಿನ ಧೂಳೋ, ಅಮೋನಿಯಂ ನೈಟ್ರೇಟೋ, ಸಾವಯವ ಆಮ್ಲವೋ ಎಂದು ತೂಕ ಹೇಳುವುದಿಲ್ಲ. ಮೊಬೈಲಿನಲ್ಲಿ ಗಾಳಿಯ ಗುಣಮಟ್ಟದ ಬಣ್ಣದ ಚುಕ್ಕೆ ನೋಡಿ ಗಾಳಿ ಗೊತ್ತಾಯಿತೆನ್ನುವ ರಸಾಯನಶಾಸ್ತ್ರದ ವಿದ್ಯಾರ್ಥಿಗಳನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಇನ್ನೊಂದು ಅಸಹನೆಯೂ ಇದೆ: ಇಂದು ಪದವಿ ಪಡೆದ ನಿಮ್ಮ ಅವಸರ. ರಸಾಯನವಿಜ್ಞಾನಿ ಕ್ರೀಗೀ ತಮ್ಮ ಹೆಸರಿನ ಆ ಮಧ್ಯವರ್ತಿಯನ್ನು ಸೂಚಿಸಿದ್ದು 1949ರ ಹೊತ್ತಿಗೆ. ಅನಿಲ ಸ್ಥಿತಿಯಲ್ಲಿ ಆ ಬಗೆಯ ಅತಿ ಸರಳ ಅಣುವನ್ನು ನೇರವಾಗಿ ಗುರುತಿಸಿ ಅದರ ಕ್ರಿಯೆಗಳ ವೇಗವನ್ನು ಅಳೆದ ವರದಿ ಬಂದದ್ದು 2012ರಲ್ಲಿ. ಮರಗಳು ಬಿಡುವ ಟರ್ಪೀನ್‌ಗಳಲ್ಲೊಂದಾದ ಆಲ್ಫಾ-ಪೈನೀನಿನಿಂದ ಹುಟ್ಟಿದ ಪೆರಾಕ್ಸಿ ರ‍್ಯಾಡಿಕಲ್ ತನ್ನೊಳಗಿನ ಹೈಡ್ರೋಜನನ್ನೇ ಸರಿಸಿಕೊಂಡು ಮತ್ತೆ ಮತ್ತೆ ಆಮ್ಲಜನಕ ಸೇರಿಸಿಕೊಳ್ಳುತ್ತದೆ, ಹಾಗೆ ಭಾರವಾದ ಅಣುಗಳು ಕಣಕ್ಕೆ ಅಂಟುತ್ತವೆ ಎಂದು ಸ್ಪಷ್ಟವಾದದ್ದು 2014ರಲ್ಲಿ. ನಮ್ಮ ಮೇಷ್ಟ್ರು ಇವೆರಡನ್ನೂ ನೋಡಲು ಉಳಿಯಲಿಲ್ಲ. ನೀವು ಮೂರು ವರ್ಷದ ಪಿಎಚ್.ಡಿ. ಮುಗಿಯುವ ಮುನ್ನವೇ ಲೇಖನಗಳ ಸಂಖ್ಯೆ ಎಣಿಸುತ್ತೀರಿ.

ಸಂಶೋಧನೆಗೆ ಹೋಗುವವರು ಕೇಳಿ. ಕಣ ಹಿಡಿಯುವ ಕ್ವಾರ್ಟ್ಜ್ ಫಿಲ್ಟರನ್ನು ಕುಲುಮೆಯಲ್ಲಿ ಸುಟ್ಟೇ ಬಳಸಿ. ಕೈಯ ಎಣ್ಣೆಯೂ ಸಾವಯವವೇ. ಗಾಳಿ ಎಳೆಯದೆ ಹಾಗೇ ಇಟ್ಟು ತಂದ ಖಾಲಿ ಫಿಲ್ಟರನ್ನು ಪ್ರತಿ ಬಾರಿಯೂ ಅಳೆಯಿರಿ, ಎಷ್ಟೇ ಬೇಸರವಾದರೂ. ಉಪಕರಣವನ್ನು ಜನರೇಟರ್ ಪಕ್ಕ, ಕ್ಯಾಂಟೀನಿನ ಒಗ್ಗರಣೆಯ ಪಕ್ಕ ಇಡಬೇಡಿ. ಇಟ್ಟ ಊರಿನವರು "ಏನಪ್ಪಾ ಈ ಡಬ್ಬಿ" ಎಂದು ಕೇಳಿದಾಗ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳಿ, ಫಲಿತಾಂಶ ಬಂದ ಮೇಲೆ ಅವರಿಗೂ ಒಂದು ಪ್ರತಿ ಕೊಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಈ ಊರುಗಳ ಕಣಗಳಲ್ಲಿ ಯಾವ ಸಾವಯವ ಅಣುಗಳಿವೆ, ಯಾವ ಋತುವಿನಲ್ಲಿ ಎಷ್ಟು ಎಂದು ಕೇಳಿದರೆ ನನಗೆ ತೃಪ್ತಿಯಾಗುವ ಉತ್ತರ ಇನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಕಲಬುರಗಿಯ ಬೇಸಿಗೆಯಿಂದ ಈ ಕೆಲಸ ಶುರುಮಾಡುವುದಾದರೆ, ಸಭೆ ಮುಗಿದ ಮೇಲೆ ವೇದಿಕೆಯ ಹತ್ತಿರ ಬನ್ನಿ. ನಾನು ಸಂಜೆಯವರೆಗೂ ಇಲ್ಲೇ ಇರುತ್ತೇನೆ.