ಎರಡನೇ ಡೋಸ್ ಯಾಕೆ ಬೇಕು: ದೇಹದ ನೆನಪಿನ ಕತೆ

ನಾನು ಮೈಸೂರಿನಲ್ಲಿ ಬಹಳ ವರ್ಷ ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಮ್ಮ ದೇಹ ರೋಗಾಣುಗಳಿಂದ ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತೆ ಅನ್ನೋದು ಇವತ್ತಿನ ಮಾತು. ಈ ವಿಷಯ ಆರಿಸಿಕೊಳ್ಳೋಕೆ ಕಾರಣ ಒಂದು ಫೋನ್ ಕರೆ.

ಕುವೆಂಪುನಗರದಲ್ಲಿರೋ ನನ್ನ ತಮ್ಮನ ಮಗಳು ಕರೆ ಮಾಡಿದ್ದಳು. ಅವಳ ಮಗುವಿಗೆ ಒಂದೂವರೆ ವರ್ಷ. "ದೊಡ್ಡಪ್ಪ, ದಡಾರ-ರುಬೆಲ್ಲಾ ಎರಡನೇ ಡೋಸ್ ಹಾಕಿಸಿ ಅಂತ ಆಶಾ ಕಾರ್ಯಕರ್ತೆ ಎರಡು ಸಲ ಬಂದು ಹೇಳಿ ಹೋದ್ರು. ಆದ್ರೆ ಮೊದಲನೇ ಸಲ ಹಾಕಿಸಿ ಒಂದು ವಾರಕ್ಕೆ ಮಗುವಿಗೆ ಜ್ವರ ಬಂದಿತ್ತು. ಅತ್ತೆ ಬೇಡ ಅಂತಿದ್ದಾರೆ. ಅದರ ಬದಲು ಇಮ್ಯೂನಿಟಿ ಹೆಚ್ಚಿಸೋ ಲೇಹ್ಯ ಕೊಟ್ರೆ ಸಾಕಾಗಲ್ವಾ?" ಅಂದಳು.

ಅವಳು ಓದಿದವಳು, ಅವಳ ಅತ್ತೆಗೂ ಮೊಮ್ಮಗು ಅಂದ್ರೆ ಪ್ರಾಣ. ಇಬ್ಬರನ್ನೂ ಬೈಯೋ ಹಾಗಿಲ್ಲ. ಕೊರೊನಾ ಬಂದಮೇಲೆ 'ಇಮ್ಯೂನಿಟಿ' ಅನ್ನೋ ಪದ ಟೀ ಪುಡಿ, ಬಿಸ್ಕತ್ತಿನ ಪೊಟ್ಟಣಗಳ ಮೇಲೂ ಬಂದುಬಿಟ್ಟಿದೆ. ಹಾಗಾಗಿ ರೋಗನಿರೋಧಕ ಶಕ್ತಿ ಅಂದ್ರೆ ತೊಟ್ಟಿಯಲ್ಲಿ ನೀರು ತುಂಬಿಸಿದ ಹಾಗೆ, ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ನಾವೆಲ್ಲ ನಂಬಿಬಿಟ್ಟಿದ್ದೀವಿ. ಆ ಶಕ್ತಿ ಅಳತೆ ಮೀರಿದರೆ ಏನಾಗುತ್ತೆ ಗೊತ್ತಾ? ಹೂವಿನ ಪರಾಗಕ್ಕೂ ಮೂಗು ಸೋರುತ್ತೆ, ಉಬ್ಬಸ ಬರುತ್ತೆ. ಕೆಲವರಲ್ಲಿ ಅದು ಸ್ವಂತ ಕೀಲುಗಳ ಮೇಲೇ ತಿರುಗಿಬೀಳುತ್ತೆ. ರುಮಟಾಯ್ಡ್ ಸಂಧಿವಾತ ಅಂತೀವಲ್ಲ, ಅದು ಇದೇ. ದೇಹಕ್ಕೆ ಬೇಕಾಗಿರೋದು ಯಾರು ನಮ್ಮವರು, ಯಾರು ಹೊರಗಿನವರು ಅಂತ ಗುರುತು ಹಿಡಿಯೋ ಶಕ್ತಿ. ಜೊತೆಗೆ, ಒಮ್ಮೆ ಗುರುತು ಹಿಡಿದದ್ದನ್ನ ಮರೆಯದೇ ಇರೋ ಶಕ್ತಿ.

ಇದು ನಡೆಯೋದು ಹೇಗೆ? ಮೊದಲನೇ ತಡೆ ನಮ್ಮ ಚರ್ಮ. ಕಣ್ಣೀರು, ಎಂಜಲಿನಲ್ಲಿ ಬ್ಯಾಕ್ಟೀರಿಯಾದ ಗೋಡೆ ಒಡೆಯೋ ಕಿಣ್ವ ಇದೆ. ಹೊಟ್ಟೆಯಲ್ಲಿ ಆಮ್ಲ, ಶ್ವಾಸನಾಳದಲ್ಲಿ ಅಂಟು ಲೋಳೆ. ನಾವು ದಿನವೂ ಒಳಗೆ ತಗೊಳ್ಳೋ ರೋಗಾಣುಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿದುಹೋಗ್ತವೆ, ನಮಗೆ ಗೊತ್ತೂ ಆಗಲ್ಲ.

ಇದನ್ನು ದಾಟಿ ಬಂದವನ್ನು ಕೆಲವು ಬಿಳಿ ರಕ್ತಕಣಗಳು ನುಂಗಿಬಿಡ್ತವೆ. ಗಾಯದಲ್ಲಿ ಕೀವು ಕಟ್ಟುತ್ತಲ್ಲ, ಅದರಲ್ಲಿ ಬಹುಪಾಲು ಹೀಗೆ ಹೋರಾಡಿ ಸತ್ತ ಕಣಗಳೇ. ಇದೇ ಕಣಗಳು ಬಿಡೋ ರಾಸಾಯನಿಕ ಸಂದೇಶ ಮಿದುಳಿಗೆ ತಲುಪಿದಾಗ ಮೈ ಬಿಸಿಯಾಗುತ್ತೆ. ಅಂದ್ರೆ ಜ್ವರ ಬಂದಿದೆ ಅಂದ್ರೆ ದೇಹ ಕೆಲಸಕ್ಕೆ ಇಳಿದಿದೆ ಅಂತ.

ಇದಿಷ್ಟೂ ಹುಟ್ಟಿನಿಂದಲೇ ಬಂದ ರಕ್ಷಣೆ. ಇದು ಬೇಗ ಬರುತ್ತೆ, ಆದರೆ ನಿರ್ದಿಷ್ಟವಾಗಿ ಯಾವ ವೈರಸ್ ಅಂತ ವಿಚಾರಿಸಲ್ಲ. ಅದನ್ನು ವಿಚಾರಿಸೋದು ಎರಡನೇ ತಂಡ. ರೋಗಾಣುವಿನ ಒಂದು ತುಣುಕನ್ನು ಕೆಲವು ಕಣಗಳು ಹೊತ್ತುಕೊಂಡು ಕತ್ತು, ಕಂಕುಳು, ತೊಡೆಸಂದಿಯಲ್ಲಿರೋ ದುಗ್ಧಗ್ರಂಥಿಗಳಿಗೆ ಓಡ್ತವೆ. ಅಲ್ಲಿ ಬಿ ಕೋಶ, ಟಿ ಕೋಶ ಅಂತ ಲೆಕ್ಕವಿಲ್ಲದಷ್ಟು ಕೋಶಗಳಿವೆ, ಒಂದೊಂದಕ್ಕೂ ಒಂದೊಂದು ಆಕಾರ ಮಾತ್ರ ಗುರುತು ಸಿಗುತ್ತೆ. ಆ ತುಣುಕಿಗೆ ಹೊಂದೋ ಕೋಶ ಸಿಕ್ಕಿತು ಅಂದ್ರೆ ಅದು ಎರಡಾಗಿ, ನಾಲ್ಕಾಗಿ, ಸಾವಿರಗಟ್ಟಲೆ ಆಗುತ್ತೆ. ಗಂಟಲು ನೋವು ಬಂದಾಗ ಕತ್ತಲ್ಲಿ ಗಂಟು ಸಿಗೋದು ಇದಕ್ಕೇ. ಬಿ ಕೋಶಗಳು ಪ್ರತಿಕಾಯ ಅನ್ನೋ ಪ್ರೋಟೀನನ್ನು ಸುರಿಸ್ತವೆ, ಕೆಲವು ಟಿ ಕೋಶಗಳು ವೈರಸ್ ಹೊಕ್ಕ ಜೀವಕೋಶಗಳನ್ನೇ ಹುಡುಕಿ ಕೊಲ್ಲುತ್ತವೆ.

ಆದರೆ ಮೊದಲ ಸಲ ಇದಕ್ಕೆಲ್ಲ ಒಂದೆರಡು ವಾರ ಹಿಡಿಯುತ್ತೆ. ರೋಗ ಜೋರಾಗಿದ್ದರೆ ಅಷ್ಟರಲ್ಲಿ ಕೈ ಮೀರಿರಬಹುದು. ಯುದ್ಧ ಮುಗಿದಮೇಲೆ ಈ ಕೋಶಗಳಲ್ಲಿ ಹೆಚ್ಚಿನವು ಸಾಯ್ತವೆ, ಸ್ವಲ್ಪ ಮಾತ್ರ ನೆನಪಿನ ಕೋಶಗಳಾಗಿ ಉಳೀತವೆ. ಅದೇ ರೋಗಾಣು ಮತ್ತೆ ಬಂದರೆ ಅವು ಕೆಲವೇ ದಿನದಲ್ಲಿ ಎದ್ದು ನಿಲ್ತವೆ.

ಈ ನೆನಪು ಎಷ್ಟು ಕಾಲ ಇರುತ್ತೆ? ಅಟ್ಲಾಂಟಿಕ್ ಸಾಗರದಲ್ಲಿ ಫ್ಯಾರೋ ಅಂತ ದ್ವೀಪಗಳಿವೆ. ಅಲ್ಲಿ 1781ರಲ್ಲಿ ದಡಾರ ಬಂದು ಹೋಗಿತ್ತು, ಆಮೇಲೆ 65 ವರ್ಷ ಬರಲೇ ಇಲ್ಲ. 1846ರಲ್ಲಿ ಮತ್ತೆ ಬಂದಾಗ ಊರಿಗೆ ಊರೇ ಮಲಗಿತು. ಪೀಟರ್ ಪಾನಮ್ ಅನ್ನೋ ಯುವ ವೈದ್ಯ ಅಲ್ಲಿಗೆ ಹೋಗಿ ನೋಡಿದರೆ, ಬಾಲ್ಯದಲ್ಲಿ ದಡಾರ ಆಗಿದ್ದ ಮುದುಕರಿಗೆ ಏನೂ ಆಗಿರಲಿಲ್ಲ.

ರೋಗ ಅನುಭವಿಸದೆಯೇ ಈ ನೆನಪು ಗಳಿಸೋ ದಾರಿಯೇ ಲಸಿಕೆ. ಇದರಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ 1796ರಲ್ಲಿ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬು ತಡೆಯಬಹುದು ಅಂತ ತೋರಿಸಿದ. ಎರಡೂ ವೈರಸ್ ದಾಯಾದಿಗಳು, ಒಂದನ್ನು ಕಂಡ ದೇಹಕ್ಕೆ ಇನ್ನೊಂದರ ಗುರುತು ಸಿಗುತ್ತೆ. ಆ ಲಸಿಕೆ 1802ರ ಜೂನ್‌ನಲ್ಲಿ ಬೊಂಬಾಯಿಗೆ ಬಂದು, ಅಲ್ಲಿ ಮೂರು ವರ್ಷದ ಒಂದು ಹುಡುಗಿಗೆ ಹಾಕಿದರು. ಐಸ್ ಪೆಟ್ಟಿಗೆ ಇಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕ್ತಾ ಊರೂರಿಗೆ ಸಾಗಿಸಿದರು.

ಜಾತಿ, ಮಡಿ, ಅಮ್ಮನ ಮುನಿಸು ಅಂತ ಜನ ಹಿಂಜರಿದರು. ಮೈಸೂರು ಅರಮನೆಯಲ್ಲಿ ಆಗ ಮುಮ್ಮಡಿ ಕೃಷ್ಣರಾಜ ಒಡೆಯರ್ ಇನ್ನೂ ಹುಡುಗ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದದ್ದು ಅಂತ ಹೇಳೋ ಒಂದು ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಇವರು ನರ್ತಕಿಯರು ಅಂತ ಬಹಳ ಕಾಲ ಅಂದುಕೊಂಡಿದ್ದರು. ನೈಜೆಲ್ ಚಾನ್ಸಲರ್ ಅನ್ನೋ ಇತಿಹಾಸಕಾರರು, ಇವರು ಮೈಸೂರಿನ ರಾಜಮನೆತನದವರು, ಬಲಗಡೆಯ ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸ್ತಿದ್ದಾರೆ ಅಂತ ವಾದಿಸಿದ್ದಾರೆ. ಅವರ ವಾದ ಸರಿಯಾದರೆ, ರಾಣಿಯೇ ಹಾಕಿಸಿಕೊಂಡರು ನೀವೂ ಹಾಕಿಸಿಕೊಳ್ಳಿ ಅಂತ ಜನಕ್ಕೆ ಧೈರ್ಯ ಹೇಳಿದ ಚಿತ್ರ ಅದು. ಭಾರತದಲ್ಲಿ ಸಿಡುಬು ಕೊನೆಯಾದದ್ದು 1975ರಲ್ಲಿ, ಜಗತ್ತಿನಿಂದಲೇ ಹೋಯಿತು ಅಂತ ಘೋಷಿಸಿದ್ದು 1980ರಲ್ಲಿ.

ಈಗ ದಡಾರಕ್ಕೆ ಬರೋಣ. ನಾನು ತಮ್ಮನ ಮಗಳಿಗೆ ಹೇಳಿದ್ದು ಮೂರು ಮಾತು.

ಒಂದು, ಆ ಜ್ವರ. ದಡಾರದ ಲಸಿಕೆಯಲ್ಲಿರೋದು ಬಲ ಕುಂದಿಸಿದ ಜೀವಂತ ವೈರಸ್. ಅದು ಒಳಗೆ ಸ್ವಲ್ಪ ಬೆಳೆದು, ದೇಹ ಅದನ್ನು ಗುರುತಿಸೋ ಹೊತ್ತಿಗೆ ಸುಮಾರು ಒಂದು ವಾರ. ಅದಕ್ಕೇ ಜ್ವರ ಮಾರನೇ ದಿನ ಬರದೆ ವಾರದ ಮೇಲೆ ಬಂದದ್ದು. ಸಾಧಾರಣ ಜ್ವರ ಎರಡನೇ ಡೋಸ್ ಬಿಡೋಕೆ ಕಾರಣ ಆಗಲ್ಲ. ಲಸಿಕೆ ಹಾಕಿದ ಕೂಡಲೇ ಉಸಿರು ಕಟ್ಟೋದು, ಮುಖ ಊದಿಕೊಳ್ಳೋದು ಆಗಿದ್ದರೆ, ಇಲ್ಲ ಮಗುವಿಗೆ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸೋ ಕಾಯಿಲೆ ಇದ್ದರೆ ಮಾತು ಬೇರೆ, ಮೊದಲು ವೈದ್ಯರನ್ನು ಕೇಳಬೇಕು.

ಎರಡು, ಎರಡನೇ ಡೋಸ್ ಯಾಕೆ. ಒಂಬತ್ತು ತಿಂಗಳಲ್ಲಿ ಹಾಕಿದ ಮೊದಲ ಡೋಸ್ ಸುಮಾರು ನೂರಕ್ಕೆ 85 ಮಕ್ಕಳಲ್ಲಿ ಕಚ್ಚಿಕೊಳ್ಳುತ್ತೆ. ಉಳಿದ ಮಕ್ಕಳಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳೋ ಇನ್ನೇನೋ ಅಡ್ಡ ಬಂದಿರುತ್ತೆ. ಯಾವ ಮಗುವಿಗೆ ಹಿಡಿದಿಲ್ಲ ಅಂತ ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಎರಡನೇ ಡೋಸ್ ಅವರಿಗೆ ಸಿಗೋ ಇನ್ನೊಂದು ಅವಕಾಶ.

ಮೂರು, ದಡಾರ ಬಂದರೆ ಏನು ಕಳೆದುಕೊಳ್ತೀವಿ ಅನ್ನೋದು. ಈ ವೈರಸ್ ಹೋಗಿ ಹೊಡೆಯೋದೇ ನೆನಪಿನ ಕೋಶಗಳನ್ನ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೆದರ್ಲೆಂಡ್ಸ್‌ನ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರೋ ಮೊದಲೂ ಆಮೇಲೂ ಪರೀಕ್ಷಿಸಿದರು. ಬೇರೆ ಬೇರೆ ರೋಗಾಣುಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿತ್ತು. ಅಂದ್ರೆ ಗುಳ್ಳೆ ಮಾಯವಾದರೂ, ಮಗು ಹುಟ್ಟಿದಾಗಿನಿಂದ ಕಲಿತ ಪಾಠದಲ್ಲಿ ಎಷ್ಟೋ ಮರೆತುಹೋಗಿರುತ್ತೆ. ಲೇಹ್ಯ ಆ ಪಾಠ ಹೇಳಿಕೊಡಲ್ಲ. ಹೊಟ್ಟೆತುಂಬ ಊಟ, ಬೇಳೆ, ಮೊಟ್ಟೆ, ಸೊಪ್ಪು, ಒಳ್ಳೆ ನಿದ್ದೆ ದೇಹಕ್ಕೆ ಬೇಕೇ ಬೇಕು, ಪುಷ್ಟಿಯಿಲ್ಲದ ಮಗುವಿಗೆ ದಡಾರ ಇನ್ನೂ ಅಪಾಯ. ಆದರೆ ಆ ಊಟಕ್ಕೂ ದಡಾರದ ವೈರಸ್ಸಿನ ಗುರುತು ಗೊತ್ತಿರಲ್ಲ.

ಇಷ್ಟನ್ನು ಫೋನಿನಲ್ಲಿ ಹೇಳಿದರೆ ಸಾಲದು ಅಂತ ಭಾನುವಾರ ಅವರ ಮನೆಗೆ ಹೋದೆ. ಅವಳ ಅತ್ತೆ ಕಾಫಿ ತಂದುಕೊಟ್ಟು, "ಬೀಗರೇ, ನೀವು ಓದಿದೋರು, ಆದ್ರೆ ಆ ಮೂರು ರಾತ್ರಿ ಮಗೂನ ಎತ್ತಿಕೊಂಡು ಕೂತೋಳು ನಾನು" ಅಂದರು. ನನಗೆ ಉತ್ತರ ತೋಚಲಿಲ್ಲ. ಆಮೇಲೆ ಅವರ ತೋಳಿನ ಮೇಲಿದ್ದ ಎರಡು ದುಂಡು ಕಲೆ ಕಣ್ಣಿಗೆ ಬಿತ್ತು. ಏನಿದು ಅಂತ ಕೇಳಿದೆ. "ದಾಕು ಹಾಕಿಸಿದ್ದು. ನಾನು ಹಿತ್ತಲಿಗೆ ಓಡಿಹೋಗಿದ್ನಂತೆ, ನಮ್ಮಮ್ಮ ಹಿಡಿದು ತಂದು ಹಾಕಿಸಿದ್ರು. ನನಗೂ ಜ್ವರ ಬಂದಿತ್ತು" ಅಂದರು. ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮನ ಮುಖದ ತುಂಬ ಸಿಡುಬಿನ ಕಲೆ ಇತ್ತು" ಅಂದರು. ಅದರ ಮೇಲೆ ನಾನೇನೂ ಹೇಳಲಿಲ್ಲ.

ಮುಂದಿನ ವಾರ ಮಗುವನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದವರು ಅವರೇ. ತಾಯಿ ಕಾರ್ಡಿನಲ್ಲಿ ಎರಡನೇ ಡೋಸಿನ ತಾರೀಕು ಬರೆಸಿಕೊಂಡು ಬಂದು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದರು. ಈ ಸಲ ಜ್ವರ ಬರಲಿಲ್ಲ.

ನಿಮ್ಮ ಮನೆಯಲ್ಲೂ ಚಿಕ್ಕ ಮಕ್ಕಳಿದ್ದರೆ ಇವತ್ತೇ ಆ ಕಾರ್ಡ್ ತೆಗೆದು ನೋಡಿ. 16ರಿಂದ 24 ತಿಂಗಳೊಳಗಿನ ಎರಡನೇ ಡೋಸ್ ಆಗಿದೆಯಾ? ವಯಸ್ಸು ದಾಟಿದ್ದರೂ ಆರೋಗ್ಯ ಕೇಂದ್ರದಲ್ಲಿ ಕೇಳಿ. ನಿಮ್ಮ ಪಕ್ಕದ ಮನೆಯಲ್ಲಿ ಇನ್ನೂ ಒಂಬತ್ತು ತಿಂಗಳು ತುಂಬದ ಕೂಸಿರಬಹುದು. ಅದಕ್ಕೆ ಲಸಿಕೆ ಹಾಕುವ ಹೊತ್ತು ಇನ್ನೂ ಬಂದಿಲ್ಲ. ಅಲ್ಲಿವರೆಗೂ ಅದನ್ನು ಕಾಯಬೇಕಾದವರು ಸುತ್ತಲಿನ ನಾವು.