ಬುದ್ಧಿಯಂತ್ರ ಮತ್ತು ಸಹಕಾರಧರ್ಮ



 ಮಾನವನೂ ಬುದ್ಧಿಯಂತ್ರವೂ, ಎಂದರೆ ಕೃತಕ ಬುದ್ಧಿಮತ್ತೆಯ ಯಂತ್ರವೂ, ಒಂದೇ ತಂಡವಾಗಿ ದುಡಿಯುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಈ ಸಮ್ಮೇಳನವು ಚರ್ಚೆಗೆ ಎತ್ತಿಕೊಂಡಿದೆ. ಇದು ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಕುಳಿತವರು ಬಗೆಹರಿಸಬೇಕಾದ ವಿಷಯ, ಕಬ್ಬು ಗೋವಿನಜೋಳ ಬೆಳೆಯುವ ಘಟಪ್ರಭೆಯ ದಂಡೆಯವರಿಗೆ ಇದರ ಗೊಡವೆ ಏತಕ್ಕೆ ಎಂದು ಕೇಳುವವರೂ ಇದ್ದಾರು. ಅವರಿಗೆ ನನ್ನ ಉತ್ತರವಿಷ್ಟೆ: ಯಂತ್ರದೊಡನೆ ಬಾಳುವ ವಿದ್ಯೆಯನ್ನು ಕನ್ನಡ ನಾಡಿನಲ್ಲಿ ಮೊದಮೊದಲು ಅಭ್ಯಾಸ ಮಾಡಿದವರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಹಿರಿಯರೂ ಸೇರಿದ್ದಾರೆ; ಅವರು ಬಿಟ್ಟುಹೋದ ಅನುಭವದ ನಿಧಿಯನ್ನು ತೆರೆದು ನೋಡದೆ, ಇಂದಿನ ಪ್ರಶ್ನೆಗೆ ಪರದೇಶದ ಗ್ರಂಥಗಳಲ್ಲಿ ಮಾತ್ರ ಉತ್ತರವನ್ನು ಅರಸುವುದು ನಮಗೆ ಶೋಭಿಸದು.

ಘಟಪ್ರಭೆಯು ಸುಮಾರು 52 ಮೀಟರು ಎತ್ತರದಿಂದ ಧುಮ್ಮಿಕ್ಕುವ ಗೋಕಾಕ ಜಲಪಾತದ ಬಳಿಯಲ್ಲಿ, 1887ರ ಸುಮಾರಿಗೆ, ನೂಲಿನ ಗಿರಣಿಯೊಂದು ಕೆಲಸವನ್ನು ಆರಂಭಿಸಿತು. ಮಳೆಗಾಲದಲ್ಲಿ ಭೋರ್ಗರೆದು ಬೇಸಗೆಯಲ್ಲಿ ಬಂಡೆಗಳ ನಡುವೆ ಬಡವಾಗುವ ಆ ನೀರಿನ ಬಲವನ್ನೇ ಹಿಡಿದು ಕದಿರುಗಳನ್ನು ತಿರುಗಿಸಿದ ಆ ಉದ್ಯಮವನ್ನು ನೆನೆದಾಗ ನಾವು ಸಾಮಾನ್ಯವಾಗಿ ಸ್ಥಾಪಕರ ಸಾಹಸವನ್ನೂ ನದಿಯ ವೈಭವವನ್ನೂ ಕೊಂಡಾಡುತ್ತೇವೆ. ಆದರೆ ನನ್ನ ಮನಸ್ಸು ಹರಿಯುವುದು ಆ ಕದಿರುಗಳ ಸಾಲಿನ ಮುಂದೆ ನಿಂತಿದ್ದ ಕೆಲಸಗಾರರ ಕಡೆಗೆ. ಕದಿರು ಎಷ್ಟೇ ವೇಗವಾಗಿ ತಿರುಗಲಿ, ಎಳೆ ಹರಿದ ಕ್ಷಣದಲ್ಲಿ ಅದನ್ನು ಕಂಡು, ಬೆರಳ ತುದಿಯಿಂದ ಕೂಡಿಸಿ, ಮತ್ತೆ ಓಟಕ್ಕೆ ಬಿಡಬೇಕಾದದ್ದು ಮನುಷ್ಯನ ಕೈಯೇ ಆಗಿತ್ತು. ಯಂತ್ರಕ್ಕೆ ದಣಿವಿಲ್ಲ, ಆದರೆ ತಾನು ಕೆಟ್ಟೆನೆಂಬ ಅರಿವೂ ಇಲ್ಲ. ಮನುಷ್ಯನಿಗೆ ಅರಿವಿದೆ, ಆದರೆ ದಣಿವೂ ಇದೆ. ಈ ಎರಡರ ನ್ಯೂನತೆಗಳೂ ಒಂದನ್ನೊಂದು ತುಂಬಿಕೊಳ್ಳುವಂತೆ ಕೆಲಸವನ್ನು ಹಂಚುವುದೇ ತಂಡದ ಮೊದಲ ಸೂತ್ರ. ಯಂತ್ರದ ವೇಗವನ್ನು ನಿಶ್ಚಯಿಸುವವರು ಯಾರು, ಅದರ ಲಾಭ ಯಾರ ಮನೆಗೆ ಹೋಗತಕ್ಕದ್ದು ಎಂಬ ಇನ್ನೊಂದು ಪ್ರಶ್ನೆಗೆ ಮಾತ್ರ ಗಿರಣಿಯಲ್ಲಿ ದುಡಿದವರ ಕೈಯಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಕೊಟ್ಟ ಕೀರ್ತಿ ಹುಕ್ಕೇರಿಗೆ ಸಲ್ಲತಕ್ಕದ್ದು. 1969ರಲ್ಲಿ ಭಾರತದಲ್ಲಿ ಪ್ರಯೋಗಾರ್ಥವಾಗಿ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಕಟ್ಟಲು ತೊಡಗಿದಾಗ, ಅಂದಿನ ಆಂಧ್ರದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತದ ಕೋಡಿನಾರ, ಉತ್ತರ ಪ್ರದೇಶದ ಲಖನೌಗಳೊಡನೆ ಹುಕ್ಕೇರಿಯೂ ಒಂದಾಗಿ ನಿಂತಿತು. ಕರ್ನಾಟಕದ ಉಳಿದೆಡೆಗಳಲ್ಲೆಲ್ಲ ವಿದ್ಯುತ್ತು ಸರ್ಕಾರದ ಮಂಡಳಿಯಿಂದ, ಆಮೇಲೆ ಕಂಪನಿಗಳಿಂದ ಬರುತ್ತಿರುವಾಗ, ಹುಕ್ಕೇರಿ ತಾಲೂಕಿನ ರೈತನು ತಾನೇ ಸದಸ್ಯನಾಗಿರುವ ಸಂಘದಿಂದ ತನ್ನ ಪಂಪಸೆಟ್ಟಿಗೂ ಮನೆಯ ದೀಪಕ್ಕೂ ಕರೆಂಟನ್ನು ಪಡೆಯುತ್ತ ಬಂದಿದ್ದಾನೆ. ಕಂಬದ ಮೇಲೆ ಹತ್ತಿದ ಲೈನ್‌ಮನ್ ಯಾರ ಮಗನೆಂಬುದು ಊರಿಗೆ ಗೊತ್ತು. ಲೈನು ಕೆಟ್ಟರೆ ಯಾರ ಬಾಗಿಲಿಗೆ ಹೋಗಿ ಕೇಳಬೇಕೆಂಬುದೂ ಗೊತ್ತು. ಮಹಾಶಕ್ತಿಯೊಂದು ಹಳ್ಳಿಗೆ ಬರುವಾಗ ಒಡೆಯನಾಗಿ ಬರದೆ ಸಂಘದ ನಿಯಮಕ್ಕೆ ಒಳಪಟ್ಟು ಬರುವಂತೆ ಮಾಡಬಹುದೆಂಬುದನ್ನು ಆ ತಾಲೂಕು ಅರ್ಧ ಶತಮಾನಕ್ಕೂ ಮೀರಿ ಆಚರಣೆಯಲ್ಲಿ ತೋರಿಸಿದೆ. ನಾನು ಈ ದಿನ ಹೇಳಬೇಕಾಗಿರುವ ಮಾತಿನ ಬೀಜ ಅಲ್ಲಿಯೇ ಇದೆ.

ಇಂದಿನ ಯಂತ್ರವು ಹಿಂದಿನವುಗಳಿಂದ ಒಂದು ಮುಖ್ಯ ಸಂಗತಿಯಲ್ಲಿ ಭಿನ್ನವಾಗಿದೆ. ಗಿರಣಿಯ ಯಂತ್ರವೂ ಟ್ರ್ಯಾಕ್ಟರೂ ನಮ್ಮ ತೋಳಿನ ದುಡಿಮೆಯನ್ನು ವಹಿಸಿಕೊಂಡವು. ಈ ಬುದ್ಧಿಯಂತ್ರವು ಅಭಿಪ್ರಾಯವನ್ನು ಹೇಳುತ್ತದೆ. ಅಸಂಖ್ಯ ಬರಹಗಳನ್ನೂ ಚಿತ್ರಗಳನ್ನೂ ಅಳತೆಗಳನ್ನೂ ನೋಡಿ ನೋಡಿ, ಇಂಥದರ ಹಿಂದೆ ಇಂಥದು ಬರುವುದೆಂಬ ಸಂಭವನೀಯತೆಯನ್ನು ಅದು ಕಲಿತುಕೊಳ್ಳುತ್ತದೆ. ಆ ಸಂಭವನೀಯತೆಯನ್ನೇ ನಿಶ್ಚಯದ ಧ್ವನಿಯಲ್ಲಿ ನುಡಿಯುತ್ತದೆ. ತಪ್ಪು ಹೇಳುವಾಗಲೂ ಅದರ ಧ್ವನಿ ನಡುಗುವುದಿಲ್ಲವಾದ್ದರಿಂದ, ಅದರ ಜೊತೆಗಾರನಾದ ಮನುಷ್ಯನ ಹೊಣೆ ಹಿಂದೆಂದಿಗಿಂತಲೂ ಸೂಕ್ಷ್ಮವಾಗಿದೆ.

ಚದುರಂಗದ ಇತಿಹಾಸವು ಇಲ್ಲಿ ನಮಗೆ ಉಪಕಾರಿಯಾಗುತ್ತದೆ. 1997ರಲ್ಲಿ ಜಗಜ್ಜೇತನಾಗಿದ್ದ ಗ್ಯಾರಿ ಕ್ಯಾಸ್ಪರೋವ್ ಡೀಪ್ ಬ್ಲೂ ಎಂಬ ಯಂತ್ರಕ್ಕೆ ಸೋತನು. ಸೋತರೂ ಅವನು ಯಂತ್ರದಿಂದ ದೂರ ಸರಿಯಲಿಲ್ಲ. ಮರುವರ್ಷವೇ ಸ್ಪೇನ್ ದೇಶದ ಲೆಯೋನ್ ನಗರದಲ್ಲಿ, ಆಟಗಾರರಿಬ್ಬರೂ ತಮ್ಮ ತಮ್ಮ ಗಣಕವನ್ನು ಪಕ್ಕದಲ್ಲಿಟ್ಟುಕೊಂಡು ಆಡುವ ಹೊಸ ಪದ್ಧತಿಯನ್ನು ಆರಂಭಿಸಿದನು. 2005ರಲ್ಲಿ ಅಂತಹುದೇ ಒಂದು ಮುಕ್ತ ಸ್ಪರ್ಧೆ ನಡೆದಾಗ, ಮಹಾಪಂಡಿತರನ್ನೂ ಬಲಿಷ್ಠ ಯಂತ್ರಗಳನ್ನೂ ಹಿಂದಿಕ್ಕಿ ಗೆದ್ದವರು, ಮೂರು ಸಾಧಾರಣ ಗಣಕಗಳನ್ನು ಇಟ್ಟುಕೊಂಡಿದ್ದ ಇಬ್ಬರು ಹವ್ಯಾಸಿ ಆಟಗಾರರು. ಯಾವ ಪ್ರಶ್ನೆಯನ್ನು ಯಾವ ಗಣಕಕ್ಕೆ ಕೇಳಬೇಕು, ಉತ್ತರಗಳು ಭಿನ್ನವಾದಾಗ ಎಲ್ಲಿ ನಿಂತು ಆಲೋಚಿಸಬೇಕು ಎಂಬ ಕ್ರಮವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಮುಂದಿನ ವರ್ಷಗಳಲ್ಲಿ ಚದುರಂಗದ ಯಂತ್ರಗಳು ಇನ್ನೂ ಬಲಗೊಂಡು ಮನುಷ್ಯನ ನೆರವೇ ಬೇಡವಾಗುವ ಮಟ್ಟಕ್ಕೆ ಹೋದವೆಂಬುದನ್ನೂ ನಾನು ಮರೆಮಾಚಲಾರೆ. ಆದರೆ ಚದುರಂಗದ ಮಣೆಯಲ್ಲಿ ಅರುವತ್ತನಾಲ್ಕೇ ಮನೆಗಳು, ಆಟದ ನಡುವೆ ನಿಯಮಗಳು ಬದಲಾಗವು. ಕಬ್ಬಿನ ಹೊಲಕ್ಕೂ ರೋಗಿಯ ದೇಹಕ್ಕೂ ನದಿಯ ಪ್ರವಾಹಕ್ಕೂ ಅಂತಹ ಕಟ್ಟುಪಾಡಿಲ್ಲ.

ಮನುಷ್ಯನನ್ನೂ ಯಂತ್ರವನ್ನೂ ಕೂಡಿಸಿದರೆ ಸಾಕು, ಫಲ ತಾನಾಗಿಯೇ ಇಮ್ಮಡಿಸುವುದೆಂಬ ನಂಬಿಕೆ ಎಲ್ಲೆಡೆಯಲ್ಲೂ ಹಬ್ಬಿದೆ. 2024ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ವಿದ್ವಾಂಸರು 106 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ ಪ್ರಕಟಿಸಿದ ನಿರ್ಣಯವು ಈ ನಂಬಿಕೆಗೆ ವಿರುದ್ಧವಾಗಿದೆ: ಸರಾಸರಿಯಲ್ಲಿ, ಇಬ್ಬರೂ ಕೂಡಿ ಮಾಡಿದ ಕೆಲಸವು, ಇಬ್ಬರಲ್ಲಿ ಹೆಚ್ಚು ಸಮರ್ಥರಾದವರು ಒಬ್ಬರೇ ಮಾಡಿದ ಕೆಲಸಕ್ಕಿಂತ ಕೆಳಗಿತ್ತು. ತೀರ್ಪು ಕೊಡಬೇಕಾದ ಕೆಲಸಗಳಲ್ಲಿ ಕೂಟವು ಸೋತಿತು. ಹೊಸದನ್ನು ರಚಿಸುವ ಕೆಲಸಗಳಲ್ಲಿ ಲಾಭವು ಕಂಡುಬಂದಿತು. ಮತ್ತು ಕೈಗೆತ್ತಿಕೊಂಡ ವಿಷಯದಲ್ಲಿ ಮನುಷ್ಯನೇ ಯಂತ್ರಕ್ಕಿಂತ ಬಲ್ಲವನಾಗಿದ್ದಲ್ಲಿ ಕೂಟವು ಗೆದ್ದಿತು. ಈ ಕಡೆಯ ಸಂಗತಿಯನ್ನು ನೀವು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕೆಂದು ನನ್ನ ಬಿನ್ನಹ. ತನ್ನ ಕಸಬನ್ನು ಚೆನ್ನಾಗಿ ಬಲ್ಲವನು ಯಂತ್ರದ ಮಾತಿನಲ್ಲಿ ಸ್ವೀಕಾರಾರ್ಹವಾದುದನ್ನು ಸ್ವೀಕರಿಸಿ ತ್ಯಾಜ್ಯವಾದುದನ್ನು ತ್ಯಜಿಸುತ್ತಾನೆ. ಅರಿಯದವನು ಒಂದೋ ಎಲ್ಲವನ್ನೂ ನಂಬುತ್ತಾನೆ, ಇಲ್ಲವೋ ಏನನ್ನೂ ನಂಬುವುದಿಲ್ಲ. ಇದಕ್ಕಿಂತ ಬಹಳ ಮುಂಚೆ, 1983ರಲ್ಲಿಯೇ, ಲಿಸಾನ್ ಬೇನ್‌ಬ್ರಿಜ್ ಎಂಬ ವಿದುಷಿ ಒಂದು ಎಚ್ಚರಿಕೆಯನ್ನು ಬರೆದಿಟ್ಟರು: ನಿತ್ಯದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಠಿನ ಪ್ರಸಂಗವನ್ನು ಮಾತ್ರ ಮನುಷ್ಯನಿಗೆ ಬಿಟ್ಟರೆ, ನಿತ್ಯದ ಅಭ್ಯಾಸವಿಲ್ಲದೆ ಅವನ ಕೌಶಲವು ಕುಂದಿ, ಬೇಕಾದ ಹೊತ್ತಿಗೇ ಅವನು ನಿರುಪಯೋಗಿಯಾಗುತ್ತಾನೆ. ಅಂದಮೇಲೆ, ಯಂತ್ರವು ಬಂತೆಂದು ಕಸಬಿನ ಶಿಕ್ಷಣವನ್ನು ಕಡಿಮೆ ಮಾಡುವ ಸಂಸ್ಥೆಯು ತನ್ನ ತಂಡವನ್ನು ತಾನೇ ಮುರಿದುಕೊಳ್ಳುತ್ತದೆ.

ಈಗ ನಮ್ಮ ಹೊಲಗಳಿಗೆ ಬರೋಣ. ಇಲ್ಲಿಂದ ಬಹುದೂರವಲ್ಲದ ಮಹಾರಾಷ್ಟ್ರದ ಬಾರಾಮತಿಯಲ್ಲಿ, ಅಲ್ಲಿನ ಕೃಷಿ ವಿಕಾಸ ಟ್ರಸ್ಟು ಮೈಕ್ರೋಸಾಫ್ಟ್ ಕಂಪನಿಯೊಡನೆ ಕೂಡಿ 2024ರಿಂದ ಕಬ್ಬಿನ ಬೆಳೆಗೆ ಬುದ್ಧಿಯಂತ್ರವನ್ನು ಬಳಸುವ ಪ್ರಯೋಗವನ್ನು ರೈತರ ಹೊಲಗಳಲ್ಲಿಯೇ ನಡೆಸುತ್ತಿದೆ. ಮಣ್ಣಿನ ತೇವವನ್ನು ಅಳೆಯುವ ಉಪಕರಣ, ಹವೆಯನ್ನು ಅಳೆಯುವ ಕೇಂದ್ರ, ಉಪಗ್ರಹದ ಚಿತ್ರ ಇವೆಲ್ಲವುಗಳ ವರದಿಯನ್ನು ಕೂಡಿಸಿ, ಇಂದು ನೀರು ಬಿಡು, ಇಂದು ಬೇಡ, ಇಂತಿಷ್ಟು ಗೊಬ್ಬರ ಹಾಕು ಎಂದು ರೈತನ ಮೊಬೈಲಿಗೆ ಸೂಚನೆ ಬರುತ್ತದೆ. ಘಟಪ್ರಭೆಯ ಅಚ್ಚುಕಟ್ಟಿನಲ್ಲಿ ಈ ಸಲಹೆಗೆ ವಿಶೇಷವಾದ ಬೆಲೆಯಿದೆ. 1897ರಲ್ಲಿ ಮುಗಿದ ಧೂಪದಾಳದ ಒಡ್ಡಿನಿಂದಲೂ, ಆಮೇಲೆ 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯದಿಂದಲೂ ನಮಗೆ ನೀರು ಬಂದಿತು. ನೀರಿನೊಡನೆ ಕಬ್ಬು ಬಂದಿತು, ಕಾರ್ಖಾನೆ ಬಂದಿತು, ಮೂಡಲಗಿಯ ಕಡೆಯ ಬೆಲ್ಲಕ್ಕೆ ಪೇಟೆ ಬಂದಿತು. ಆದರೆ ಅಳತೆಯಿಲ್ಲದೆ ಹಾಯಿಸಿದ ನೀರಿನಿಂದ ಸವಳು-ಜವಳೂ ಬಂದಿತು. ಬೇರಿಗೆ ಎಷ್ಟು ತೇವ ಮುಟ್ಟಿದೆಯೆಂಬುದನ್ನು ಕಣ್ಣಿಗೆ ಕಾಣಿಸಿಕೊಡುವ ಸಹಾಯಕನು ಇಂತಹ ನೆಲಕ್ಕೆ ಬೇಕೇ ಬೇಕು. ಅರಭಾವಿಯ ತೋಟಗಾರಿಕಾ ಮಹಾವಿದ್ಯಾಲಯವೂ ಕೃಷಿ ಸಂಶೋಧನಾ ಕೇಂದ್ರವೂ ನಮ್ಮ ಮಗ್ಗುಲಲ್ಲಿಯೇ ಇರುವಾಗ, ಬಾರಾಮತಿಯ ಪ್ರಯೋಗವನ್ನು ನಮ್ಮ ಕಪ್ಪು ಮಣ್ಣಿನಲ್ಲಿ ಪರೀಕ್ಷಿಸಿ ನೋಡದಿರುವುದಕ್ಕೆ ನನಗೆ ಕಾರಣವೇ ಕಾಣುವುದಿಲ್ಲ.

ಆದರೂ ಸ್ಮರಿಸಿಕೊಳ್ಳಿ: 2002ರಲ್ಲಿ ಬಿಳಿ ಉಣ್ಣೆ ಹೇನು ಮಹಾರಾಷ್ಟ್ರದಿಂದ ಹಬ್ಬಿ ಉತ್ತರ ಕರ್ನಾಟಕದ ಕಬ್ಬಿಗೆ ಬಿದ್ದಿತು. ಎಲೆಯ ಕೆಳಗೆ ಹತ್ತಿಯಂತೆ ಅಂಟಿಕೊಂಡ ಆ ಕೀಟವನ್ನು ಈ ಭಾಗದ ರೈತರು ಅದಕ್ಕೆ ಮೊದಲು ಕಂಡಿರಲಿಲ್ಲ. ಹಿಂದಿನ ಅನುಭವದಿಂದ ಮಾತ್ರ ಕಲಿಯುವ ಯಂತ್ರವೊಂದು ಅಂದು ನಮ್ಮ ಬಳಿಯಿದ್ದಿದ್ದರೆ, ಇಲ್ಲಿ ಎಂದೂ ಇರದಿದ್ದ ಕೀಟದ ವಿಷಯದಲ್ಲಿ ಅದು ಏನು ಹೇಳುತ್ತಿತ್ತು? ಬೆಳಗಿನ ಹೊತ್ತು ಬದುವಿನ ಮೇಲೆ ನಡೆಯುತ್ತ ಎಲೆಯನ್ನು ಮಗುಚಿ ನೋಡಿದವನೇ ಅದನ್ನು ಮೊದಲು ಕಂಡನು; ಆ ಹೇನನ್ನು ತಿಂದು ಬದುಕುವ ಪರಭಕ್ಷಕ ಕೀಟಗಳನ್ನು ವಿಜ್ಞಾನಿಗಳು ಗುರುತಿಸಿ ಹೊಲದಿಂದ ಹೊಲಕ್ಕೆ ಹಬ್ಬಿಸಿದ ಮೇಲೆ ಪೀಡೆ ತಗ್ಗಿತು. ಬದುವಿನ ಮೇಲೆ ನಡೆಯುವ ಆ ಕಾಲುಗಳನ್ನು, ಮೊಬೈಲಿಗೆ ಸೂಚನೆ ಬರುವುದೆಂಬ ಭರವಸೆಯಿಂದ, ನಾವು ಮನೆಯಲ್ಲಿ ಕೂರಿಸಬಾರದು.

2019ರ ಆಗಸ್ಟ್ ತಿಂಗಳಿನ ಪ್ರವಾಹವನ್ನು ಗೋಕಾಕದವರಿಗೆ ನಾನು ನೆನಪಿಸಬೇಕಾಗಿಲ್ಲ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಈ ಮೂರೂ ನದಿಗಳು ಏಕಕಾಲದಲ್ಲಿ ಉಕ್ಕಿದಾಗ ಲೋಳಸೂರ ಸೇತುವೆ ಮುಳುಗಿತು, ಪಟ್ಟಣದ ಓಣಿಗಳಲ್ಲಿ ದೋಣಿಗಳು ಓಡಾಡಿದವು. ಗೂಗಲ್ ಕಂಪನಿಯು 2018ರಲ್ಲಿ ಪಾಟ್ನಾದಲ್ಲಿ ಆರಂಭಿಸಿದ ಪ್ರವಾಹ ಮುನ್ಸೂಚನೆಯ ಪ್ರಯೋಗವು 2020ರ ವೇಳೆಗೆ ಕೇಂದ್ರ ಜಲ ಆಯೋಗದ ಸಹಯೋಗದಿಂದ ಭಾರತದುದ್ದಕ್ಕೂ ಹರಡಿದೆ. ನದಿಯ ಮಟ್ಟವನ್ನು ಗಂಟೆಗಳ ಮೊದಲೇ ಲೆಕ್ಕ ಹಾಕುವ ಶಕ್ತಿ ಅದಕ್ಕಿದೆ. ಆದರೆ ಹಿಡಕಲ್ಲಿನ ಬಾಗಿಲುಗಳನ್ನು ಎಷ್ಟು ಎತ್ತಬೇಕೆಂಬ ಆಜ್ಞೆಗೆ ಸಹಿ ಹಾಕಬೇಕಾದವನು ಎಂಜಿನಿಯರು. ಯಾವ ಓಣಿಗೆ ನೀರು ಮೊದಲು ನುಗ್ಗುತ್ತದೆ, ಯಾವ ಮನೆಯಲ್ಲಿ ಹಾಸಿಗೆ ಬಿಟ್ಟೇಳಲಾರದ ಮುದುಕಿಯಿದ್ದಾಳೆ, ಯಾರ ಕೊಟ್ಟಿಗೆಯಲ್ಲಿ ಎಮ್ಮೆಗಳನ್ನು ಕಟ್ಟಿದ್ದಾರೆ ಎಂಬುದನ್ನು ಬಲ್ಲವರು ಆ ಓಣಿಯವರು. ಲೆಕ್ಕ ಯಂತ್ರದ್ದು, ನಿರ್ಣಯ ಅಧಿಕಾರಿಯದು, ನೆರೆಹೊರೆಯ ಜ್ಞಾನ ಜನರದು. ಮೂರರಲ್ಲಿ ಒಂದು ತಪ್ಪಿದರೂ ಮುನ್ಸೂಚನೆಯು ಬರಿಯ ಸುದ್ದಿಯಾಗುತ್ತದೆ. ವೈದ್ಯಕೀಯದಲ್ಲಿಯೂ ಹೀಗೆಯೇ. ಎದೆಯ ಎಕ್ಸರೇಯನ್ನು ಯಂತ್ರವು ಓದಿ ಕ್ಷಯದ ಶಂಕೆಯನ್ನು ಸೂಚಿಸುವ ಪದ್ಧತಿಗೆ, ಹದಿನೈದು ವರ್ಷ ತುಂಬಿದವರ ವಿಷಯದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಮ್ಮತಿಯಿತ್ತಿತು. ಎಕ್ಸರೇ ಓದುವ ತಜ್ಞರಿಲ್ಲದ ಹಳ್ಳಿಗೆ ಇದು ವರವೇ ಸರಿ. ಆದರೆ ಕಫದ ಪರೀಕ್ಷೆ ಮಾಡಿಸಿ, ತಿಂಗಳುಗಟ್ಟಲೆ ಗುಳಿಗೆ ತಪ್ಪದಂತೆ ನೋಡಿಕೊಳ್ಳುವ ಆಶಾ ಕಾರ್ಯಕರ್ತೆಯಿಲ್ಲದೆ ಆ ಸೂಚನೆಯಿಂದ ಒಬ್ಬ ರೋಗಿಯೂ ಗುಣವಾಗಲಾರನು.

ಇನ್ನು ಭಾಷೆಯ ಮಾತು. ನಮ್ಮ ನುಡಿಯನ್ನು ಅರಿಯದ ಯಂತ್ರವು ನಮ್ಮ ತಂಡದ ಸದಸ್ಯನಾಗಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ಲಿನೊಡನೆ 2022ರಲ್ಲಿ ಆರಂಭಿಸಿದ ವಾಣಿ ಯೋಜನೆಯು ದೇಶದ ಜಿಲ್ಲೆಜಿಲ್ಲೆಗಳ ಮಾತನ್ನು ಸಂಗ್ರಹಿಸುವ ಸಂಕಲ್ಪವನ್ನು ತೊಟ್ಟಿದೆ. ಬೆಂಗಳೂರಿನದೇ ಆದ ಕಾರ್ಯ ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಧ್ವನಿಯನ್ನು ಮುದ್ರಿಸಿಕೊಂಡು, ಅದಕ್ಕೆ ಯೋಗ್ಯವಾದ ಕೂಲಿಯನ್ನು ಕೊಡುವುದಲ್ಲದೆ, ಆ ಧ್ವನಿಸಂಗ್ರಹವು ಮತ್ತೆ ಮಾರಾಟವಾದಾಗ ಅದರಲ್ಲಿಯೂ ಅವರಿಗೆ ಪಾಲು ಕೊಡುವ ಕ್ರಮವನ್ನಿಟ್ಟುಕೊಂಡಿದೆ. ಈ ಕ್ರಮವು ನನಗೆ ಅತ್ಯಂತ ಪ್ರಿಯವಾಗಿದೆ. ಏಕೆಂದರೆ ಯಂತ್ರಕ್ಕೆ ಬುದ್ಧಿಯನ್ನು ಕಲಿಸಿದವರೂ ಆ ತಂಡದ ಹಕ್ಕುದಾರರೆಂಬುದನ್ನು ಅದು ಒಪ್ಪಿಕೊಳ್ಳುತ್ತದೆ. ಮರಾಠಿಯ ನೆರಳಿನಲ್ಲಿ ಬೆಳೆದ ಸಂಕೇಶ್ವರದ ಮಾತು, ಗೋಕಾಕದ ಪೇಟೆಯ ಮಾತು, ಮೂಡಲಗಿಯ ದನದ ಸಂತೆಯ ಮಾತು ಇವು ಯಂತ್ರಕ್ಕೆ ತಿಳಿಯದೆ ಹೋದರೆ, ನಾಳೆ ಬ್ಯಾಂಕಿನಲ್ಲಿಯೂ ಕಚೇರಿಯಲ್ಲಿಯೂ ಯಂತ್ರದೆದುರು ನಮ್ಮ ಅಜ್ಜಿಯರು ಮೂಕರಾಗಿ ನಿಲ್ಲಬೇಕಾದೀತು.

ಬಂಧುಗಳೆ, ಸಂಕೇಶ್ವರದ ಹಿರಣ್ಯಕೇಶಿಯಂತಹ ಸಹಕಾರಿ ಸಕ್ಕರೆ ಕಾರ್ಖಾನೆಯನ್ನೂ ಹುಕ್ಕೇರಿಯ ವಿದ್ಯುತ್ ಸಂಘವನ್ನೂ ಕಟ್ಟಿದ ನೆಲ ಇದು. ಆ ಬಲದ ಮೇಲೆ ನಿಂತು ನಾನು ನಿಮ್ಮಲ್ಲಿ ಕೆಲವನ್ನು ಬೇಡುತ್ತೇನೆ. ನಮ್ಮ ಹೊಲದ ಮಣ್ಣು, ನೀರು, ಇಳುವರಿಗಳ ದತ್ತಾಂಶವು ರೈತರ ಸಂಘಗಳ ಸ್ವತ್ತಾಗಿ ಉಳಿಯಲಿ. ಯಾವ ಕಂಪನಿ ಬಂದರೂ ಅದನ್ನು ಸಂಘದ ಕರಾರಿನ ಮೇಲೆ ಪಡೆಯಲಿ. ಪತ್ತಿನ ಸಂಘದ ಸಾಲವಾಗಲಿ, ರೇಷನ್ ಕಾರ್ಡಾಗಲಿ, ವಿದ್ಯುತ್ತಿನ ಸಂಪರ್ಕವಾಗಲಿ, ಯಂತ್ರದ ಮಾತಿನ ಮೇಲೆ ನಿರಾಕರಿಸಲ್ಪಟ್ಟಲ್ಲಿ, ಅದಕ್ಕೆ ಹೆಸರು ಹಾಕಿ ಸಹಿ ಮಾಡಿ ಕಾರಣವನ್ನು ಕನ್ನಡದಲ್ಲಿ ತಿಳಿಸುವ ಒಬ್ಬ ಮನುಷ್ಯನಿರಲಿ, ಮತ್ತು ಆ ನಿರ್ಣಯವನ್ನು ತಿರುಗಿಸುವ ಅಧಿಕಾರವೂ ಅವನಿಗಿರಲಿ. ನಮ್ಮ ಐಟಿಐಗಳೂ ಕಾಲೇಜುಗಳೂ ಯಂತ್ರವನ್ನು ನಡೆಸುವುದನ್ನು ಕಲಿಸುವುದರೊಡನೆ ಕಸಬನ್ನೂ ಪೂರ್ಣವಾಗಿ ಕಲಿಸಲಿ. ಹುಕ್ಕೇರಿ ತಾಲೂಕಿನ ಹಿರಿಯರು 1969ರಲ್ಲಿ ವಿದ್ಯುತ್ತಿಗಾಗಿ ಮಾಡಿದ ಸಂಘಟನೆಯನ್ನು ಈ ಮೂರು ತಾಲೂಕುಗಳ ತರುಣರು ಬುದ್ಧಿಯಂತ್ರಕ್ಕಾಗಿ ಮಾಡಬೇಕು. ಅದರ ಮೊದಲ ಸಭೆಯನ್ನು ಈ ಸಮ್ಮೇಳನ ಮುಗಿಯುವ ಮೊದಲೇ, ಇದೇ ಮಂಟಪದಲ್ಲಿ, ಕರೆಯಬೇಕೆಂದು ನಾನು ನಿಮ್ಮೆಲ್ಲರನ್ನು ಪ್ರಾರ್ಥಿಸುತ್ತೇನೆ.